ಕುಂಕುಮ ಹಚ್ಚಿದ ಡಾಲರು

ಈಚೆಗೆ ಹೈದರಾಬಾದಿನಲ್ಲಿ ನಾನು ನೋಟು ಮುಟ್ಟುವುದೇ ಅಪರೂಪ. ಬಾಲಾನಗರದ ನಮ್ಮ ಕಾರ್ಖಾನೆಯ ಎದುರು ಇರಾನಿ ಚಹಾ ಮಾರುವವನೂ ದುಡ್ಡನ್ನು ಫೋನಿಗೇ ಹಾಕಿಸಿಕೊಳ್ಳುತ್ತಾನೆ. ಹೀಗಾಗಿ ಅಬಿಡ್ಸಿನ ಅಂಗಡಿಯೊಂದರಲ್ಲಿ ರೂಪಾಯಿ ಕೊಟ್ಟು ಗರಿಗರಿ ಡಾಲರು ತಂದ ದಿನ ನನ್ನ ನಡಿಗೆಯೇ ಬದಲಾಗಿತ್ತು.

ನನ್ನ ಹೆಂಡತಿ ಗಿರಿಜೆಗೆ ಐವತ್ತು ತುಂಬುವುದರೊಳಗೆ ಒಮ್ಮೆ ಹಿಮದ ಮೇಲೆ ಜಾರಬೇಕೆಂಬ ಆಸೆ. "ಬರೋ ವರ್ಷ ನೋಡೂಣು" ಎನ್ನುತ್ತ ನಾನು ಅದನ್ನು ಮುಂದೂಡುತ್ತಲೇ ಬಂದಿದ್ದೆ. ಕೊನೆಗೆ ಜಾರ್ಜಿಯಾ ದೇಶದ ಗುಡ್ಡದೂರೊಂದಕ್ಕೆ ಅಗ್ಗದ ಪ್ಯಾಕೇಜು ಸಿಕ್ಕಿತು. ವಿಮಾನ, ಕೋಣೆ, ಬೆಳಗಿನ ತಿಂಡಿಗೆ ಮೊದಲೇ ದುಡ್ಡು ಕಟ್ಟಿಯಾಗಿತ್ತು. ಊಟ ಮತ್ತು ಸ್ಕೀ ಖರ್ಚು ಮಾತ್ರ ನಮ್ಮ ಜೇಬಿನಿಂದ.

ಹಣ ಬದಲಿಸುವುದು ನಮ್ಮ ಮನೆತನಕ್ಕೆ ಹೊಸದಲ್ಲ ಬಿಡಿ. ಕಲಬುರಗಿ ನಿಜಾಮರ ರಾಜ್ಯದಲ್ಲಿದ್ದ ಕಾಲಕ್ಕೆ ನಮ್ಮಜ್ಜ ಸೊಲ್ಲಾಪುರದ ಸಂತೆಗೆ ಹೊರಟರೂ ನಿಜಾಮರ ಹಾಲಿ ಸಿಕ್ಕಾ ನಾಣ್ಯ ಕೊಟ್ಟು ಬ್ರಿಟಿಷರ ಕಲ್ದಾರ್ ರೂಪಾಯಿ ಪಡೆಯಬೇಕಿತ್ತಂತೆ. ಎತ್ತಿನ ಬೆಲೆಯನ್ನು ಎರಡೂ ನಾಣ್ಯದಲ್ಲಿ ಲೆಕ್ಕ ಹಾಕಿ ಹಾಕಿ, ಸಂತೆ ಮುಗಿದು, ಅವರು ಎತ್ತಿಲ್ಲದೆ ಮರಳುತ್ತಿದ್ದರಂತೆ. ಆ ರಕ್ತವೇ ನನ್ನಲ್ಲೂ ಹರಿಯುತ್ತಿದೆ.

ಹೊರಡುವ ಮುಂಚಿನ ಶುಕ್ರವಾರ ಗಿರಿಜೆ ಡಾಲರುಗಳನ್ನು ದೇವರ ಜಗಲಿಯ ಮೇಲಿಟ್ಟಳು. ಮೇಲಿನ ನೋಟಿಗೊಂದು ಕುಂಕುಮ ಹಚ್ಚಿದ್ದರೆ ಸಾಕಿತ್ತು. "ಒಬ್ಬಾಕಿಗೆ ಹಚ್ಚಿ ಉಳಿದಾರನ್ನ ಬಿಟ್ರ ಹ್ಯಾಂಗ್ರಿ? ಎಲ್ಲಾರೂ ಲಕ್ಷ್ಮೀನ ಅಲ್ಲೇನು?" ಎಂದು ಪ್ರತಿಯೊಂದಕ್ಕೂ ಒದ್ದೆ ಕುಂಕುಮದ ಬೊಟ್ಟಿಟ್ಟಳು. ನೋಟಿನೊಳಗಿನ ಗಂಭೀರ ಮಹಾಶಯರು ಲಗ್ನಕ್ಕೆ ಬಂದ ಬೀಗರಂತೆ ಕಂಡರು. ನಾನೂ ಭಕ್ತಿಯಿಂದ ಕೈಮುಗಿದೆ.

ಗುಡ್ಡದೂರಿನಲ್ಲಿ ಹಣ ಬದಲಿಸುವ ಕಿಟಕಿಯ ಹೆಂಗಸು ನೋಟನ್ನು ಬೆಳಕಿಗೆ ಹಿಡಿದು, ಕಲೆಯಾದದ್ದು ನಡೆಯುವುದಿಲ್ಲವೆಂದು ಹಿಂದಕ್ಕೆ ತಳ್ಳಿದಳು. ಅದು ಕಲೆಯಲ್ಲ ತಾಯಿ, ಆಶೀರ್ವಾದ ಎಂದು ವಿವರಿಸಲು ನನ್ನ ಇಂಗ್ಲಿಷು ಸಾಲಲಿಲ್ಲ. ಲಕ್ಷ್ಮಿಯರೆಲ್ಲ ಸಾಲಾಗಿ ವಾಪಸು ಬಂದರು. ಬೊಟ್ಟು ಸರಿಯಾಗಿ ಅಂಟದ ಒಂದೇ ಒಂದು ನೋಟನ್ನು ಆಕೆ ಕನಿಕರದಿಂದ ಬದಲಿಸಿಕೊಟ್ಟಳು. ಕಾರ್ಡು ಇತ್ತಲ್ಲ ಎನ್ನುತ್ತೀರಿ. ಶುಲ್ಕ ಬೀಳುತ್ತದೆಂದು ಅದರ ಹೊರದೇಶದ ಬಳಕೆಯನ್ನು ನಾನೇ ಬಂದ್ ಮಾಡಿದ್ದೆ. ಮತ್ತೆ ತೆರೆಯಲು ಬೇಕಾದ ಒಟಿಪಿ, ರೋಮಿಂಗ್ ದುಬಾರಿಯೆಂದು ಮನೆಯಲ್ಲೇ ಬಿಟ್ಟುಬಂದ ಸಿಮ್ಮಿಗೆ ಹೋಗುತ್ತಿತ್ತು.

ಕೈಯಲ್ಲಿದ್ದ ದುಡ್ಡಿಗೆ ಊಟ ಮಾಡಬಹುದಿತ್ತು, ಇಲ್ಲವೆ ಜಾರಬಹುದಿತ್ತು. "ಹಿಮ ಕಣ್ಣಿಲೆ ನೋಡಿದೆಲ್ಲ, ಸಾಕು" ಎಂದೆ. ಗಿರಿಜೆಯ ಮುಖ ಸಣ್ಣದಾಯಿತು. ಅವಳು ಬ್ಯಾಗು ತೆರೆದು ಖಡಕ್ ರೊಟ್ಟಿ, ಶೇಂಗಾ ಹಿಂಡಿ ಹೊರಗಿಟ್ಟಳು.

"ಊಟ ಐತ್ರಿ. ನಾ ಜಾರಾಕಿನ."

ಹೈದರಾಬಾದಿನ ಮದೀನಾ ಸರ್ಕಲಿನಲ್ಲಿ ಸೀರೆಗೆ ಚೌಕಾಶಿ ಮಾಡಿದ ಅನುಭವವನ್ನೆಲ್ಲ ಸ್ಕೀ ಕಲಿಸುವವನ ಮೇಲೆ ಪ್ರಯೋಗಿಸಿ ಅರ್ಧ ರೇಟು ಕೇಳಿದೆ. ಅವನು ಎರಡು ಮಾತಾಡದೆ ಒಪ್ಪಿದ. ನಾಳೆಯ ಊಟದ ದುಡ್ಡು ಉಳಿಯಿತೆಂದು ನಾನು ಬೀಗಿದೆ.

ಗಿರಿಜೆ ಬಿದ್ದಳು, ಎದ್ದಳು, ಮತ್ತೆ ಬಿದ್ದಳು. ಒಂದೊಂದು ಬೀಳುವಿಕೆಗೂ ರೂಪಾಯಿಯಲ್ಲಿ ಎಷ್ಟಾಯಿತೆಂದು ನಾನು ದೂರ ನಿಂತು ಗುಣಿಸುತ್ತಿದ್ದೆ. ಅಷ್ಟರಲ್ಲಿ ಅವಳು ಬೀಳದೆ ಜಾರಿದಳು. ಕಲಿಸುವವನನ್ನು ದಾಟಿ, ನೇರ ನನ್ನ ಕಡೆಗೇ.

"ರೀ, ನಿಲ್ಲೋದು ಹ್ಯಾಂಗ್ರೀ!"

ಅರ್ಧ ರೇಟಿಗೆ ಅವನು ಅರ್ಧ ಪಾಠವನ್ನಷ್ಟೇ ಮಾರಿದ್ದನೆಂದು ಆಗ ತಿಳಿಯಿತು. ನಿಲ್ಲುವುದು ಉಳಿದರ್ಧದಲ್ಲಿತ್ತು. ನಾನು ಕೈಚಾಚಿ ಅಡ್ಡ ನಿಂತೆ. ಇಬ್ಬರೂ ಕೂಡಿಯೇ ಉರುಳಿದೆವು. ಅವಳು ಹಿಮದಲ್ಲಿ ಮಲಗಿದಲ್ಲೇ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಅವಳು ಹಾಗೆ ನಕ್ಕದ್ದನ್ನು ನೋಡಿ ಬಹಳ ಕಾಲವಾಗಿತ್ತು. ನನಗೆ ಖುಷಿಯೂ ಆಯಿತು, ನಾಚಿಕೆಯೂ ಆಯಿತು.

ಎದ್ದು ಹಿಮ ಕೊಡವಿಕೊಂಡು, ನಾಳೆಯ ಊಟದ ದುಡ್ಡನ್ನು ಕಲಿಸುವವನ ಕೈಗಿಟ್ಟೆ. ನಿಲ್ಲುವ ಪಾಠ ಅವಳಿಗೆ, ಜಾರುವ ಪಾಠ ನನಗೆ.