ಕಲ್ ಎಂಬ ಫೋಲ್ಡರು

ನಮ್ಮನೆ ಕಂಪ್ಯೂಟರಿನ ಡಿ ಡ್ರೈವ್ ತುಂಬಿ ಕೆಂಪಾಗಿತ್ತು. ಮಂಪರು ಹತ್ತಿಸುವ ಮಧ್ಯಾಹ್ನ, ಗೊಣಗುತ್ತಲೇ ಬೇಡದ್ದನ್ನೆಲ್ಲ ಅಳಿಸುತ್ತಾ ಕೂತಿದ್ದೆ. ಅಮ್ಮಿ ಮಾಡಿಟ್ಟ ಫೋಲ್ಡರೊಂದರ ಹೆಸರು 'ಕಲ್'. ನಮ್ಮ ಮನೆಮಾತು ದಖ್ನಿ ಉರ್ದುವಿನಲ್ಲಿ ನಿನ್ನೆಯೂ ಕಲ್, ನಾಳೆಯೂ ಕಲ್. ನಿನ್ನೆಯದಿರಬೇಕು, ಅಳಿಸೋಣವೆಂದು ತೆರೆದೆ.

ಒಳಗೆ ಬರೀ ಬಾಗಿಲುಗಳು. ಕುಕ್ ಟೌನಿನ ಹಳೇ ಬಂಗಲೆಗಳ ಹಸಿರು ಬಾಗಿಲು, ನೀಲಿ ಬಾಗಿಲು. ಮುಂದೆಂದಾದರೂ ನಮ್ಮದೇ ಮನೆ ಕಟ್ಟಿಸುವಾಗ ಬಡಗಿಗೆ ತೋರಿಸಬೇಕೆಂದು ಅಮ್ಮಿ ವರ್ಷಗಟ್ಟಲೆ ತೆಗೆದಿಟ್ಟ ಫೋಟೊಗಳು. ನಾವಿನ್ನೂ ಬಾಡಿಗೆ ಮನೆಯಲ್ಲೇ ಇದ್ದೇವೆ. ನೋಡುತ್ತಾ ನೋಡುತ್ತಾ, ಪ್ರತಿ ಬಾಗಿಲಿನ ಹಿಂದೆಯೂ ಅವಳ ಚಪ್ಪಲಿಯ ಸದ್ದು ಕೇಳಿದಂತಾಯಿತು.

"ಅಮ್ಮೀ, ಈ ಕಲ್ ಹೋಗಿರೋದಾ, ಬರೋದಾ?"

ಅಕ್ಕಿ ಆರಿಸುತ್ತಿದ್ದವಳು ತಲೆ ಎತ್ತಲಿಲ್ಲ.

"ನೀನು ಅಳಿಸ್ದೇ ಇದ್ರೆ, ಬರೋದು."