ಟರ್ಬೊ ಕಾರಿಗೆ ತಲೆ ಹುಡುಕುತ್ತ ಗದ್ವಾಲದವರೆಗೆ

ಶನಿವಾರ ಬೆಳಿಗ್ಗೆ ಆರೂವರೆಗೆ ನಾರಾಯಣಪೇಟೆ ಬಿಟ್ಟೆವು. ನಾನು, ನಮ್ಮ ಯಜಮಾನರು ನಿಂಗಪ್ಪ, ಮತ್ತು ಮೂರು ವರ್ಷದಿಂದ ನಮ್ಮ ಅಂಗಳದಲ್ಲಿ ಠಿಕಾಣಿ ಹೂಡಿದ್ದ ಅವರ ಕೆಂಪು ಕಾರು. ಬುತ್ತಿಯಲ್ಲಿ ಎಂಟು ಜೋಳದ ರೊಟ್ಟಿ, ಪುಂಡಿಪಲ್ಯ, ಶೇಂಗಾ ಚಟ್ನಿ. ಹೊರಡುವ ಮೊದಲೇ ನನ್ನ ಷರತ್ತು ಹೇಳಿಬಿಟ್ಟಿದ್ದೆ. ಕಾರು ಇವತ್ತು ಗದ್ವಾಲಕ್ಕೆ ಹೋಗಿ, ತಾನಾಗಿ ಓಡಿಕೊಂಡು ಮನೆ ಬಾಗಿಲಿಗೆ ಬರಬೇಕು. ನಡುದಾರಿಯಲ್ಲಿ ನಿಂತಿತೋ, ಕೀಲಿ ನನ್ನ ಕೈಗೆ, ಕಾರು ಸೋಮವಾರ ಬರುವ ರಾಯಚೂರಿನ ಗುಜರಿಯವನಿಗೆ.

"ಮಾತಂದ್ರ ಮಾತು," ಅಂದರು ನಮ್ಮವರು. ಅವರ ಮುಖ ನೋಡಲಾಗಲಿಲ್ಲ, ಬುತ್ತಿಗಂಟು ಬಿಗಿ ಮಾಡುತ್ತ ಕೂತೆ.

ಇವರು ಟ್ರ್ಯಾಕ್ಟರ್ ಮೆಕ್ಯಾನಿಕ್. ಯಾವುದೋ ಗುಜರಿಯಲ್ಲಿ ಒಂದು ಟರ್ಬೊ ಸಿಕ್ಕಿತು, ತಂದು ಈ ಬಡಪಾಯಿ ಪೆಟ್ರೋಲ್ ಕಾರಿಗೆ ಕಟ್ಟಿದರು. ಟರ್ಬೊ ಅಂದರೆ ಎಂಜಿನ್ನಿಗೆ ಗಾಳಿಯನ್ನು ಒತ್ತಿ ತುಂಬುವ ಯಂತ್ರ. ಗಾಳಿ ಹೆಚ್ಚಾದರೆ ಪೆಟ್ರೋಲೂ ಹೆಚ್ಚು ಬೇಕು. ಎಷ್ಟು ಬೇಕೆಂದು ಹೇಳುವುದು ಕಾರಿನೊಳಗಿನ ಕಂಪ್ಯೂಟರ್. ಆದರೆ ಕಂಪನಿಯವರು ಕೊಟ್ಟ ಕಂಪ್ಯೂಟರಿಗೆ ಟರ್ಬೊ ಬಂದ ಸುದ್ದಿಯೇ ಗೊತ್ತಿಲ್ಲ. ಜೋರಾಗಿ ಒತ್ತಿದರೆ ಎಂಜಿನ್ ಟಕಟಕ ಬಡಿದು, ಬಿಕ್ಕಳಿಸಿ, ನಿಂತೇಬಿಡುತ್ತಿತ್ತು. ಅದಕ್ಕೇ ಹೊರಗಿನ ಹೊಸ ಕಂಪ್ಯೂಟರ್ ಹಾಕಬೇಕು, ಯಾವುದು ಹಾಕಬೇಕು ಅನ್ನುವುದೇ ಇವರ ಮೂರು ವರ್ಷದ ಚಿಂತೆ. ಈ ನಡುವೆ ನಮ್ಮೂರು ಜಿಲ್ಲೆಯೇ ಆಗಿಹೋಯಿತು, ಇವರ ಕಂಪ್ಯೂಟರ್ ಮಾತ್ರ ತೀರ್ಮಾನವಾಗಲಿಲ್ಲ.

ಮಕ್ತಲ್‌ಗೆ ಮೂವತ್ತು ಕಿಲೋಮೀಟರಿನ ಆಸುಪಾಸು. ಟರ್ಬೊ ಏಳದಂತೆ ಮೆಲ್ಲಗೆ ಹೊಡೆಯಬೇಕು ಎಂದು ಇವರು ನಲವತ್ತರ ಮೇಲೆ ಹೋಗಲೇ ಇಲ್ಲ. ಹತ್ತಿ ಹೇರಿಕೊಂಡ ಟ್ರ್ಯಾಕ್ಟರ್ ನಮ್ಮನ್ನು ಹಿಂದೆ ಹಾಕಿತು. ಅದರ ಡ್ರೈವರ್ ನಮ್ಮವರ ಗಿರಾಕಿಯೇ. "ನಿಂಗಣ್ಣಾ, ಏನರ ತೊಂದ್ರಿ ಐತೇನು? ಹಗ್ಗ ಕೊಡ್ಲೇನು?" ಎಂದು ಕೂಗಿ ಹೋದ. ಇವರು ರಸ್ತೆಯನ್ನೇ ನೋಡುತ್ತಿದ್ದರು. ನಾನು ನಕ್ಕಿದ್ದು ಹೊರಗೆ ಕೇಳಿಸಿರಬೇಕು.

ಮಕ್ತಲ್ ಬಸ್‌ಸ್ಟ್ಯಾಂಡಿನ ಹಿಂದೆ ಖಾಜಾ ಭಾಯಿಯ ಸ್ಪೇರ್ ಪಾರ್ಟ್ಸ್ ಅಂಗಡಿ. ಅವರು ಚಹಾ ತರಿಸಿ, ಕೌಂಟರಿನ ಮೇಲೆ ಎರಡು ಕಂಪ್ಯೂಟರ್ ಡಬ್ಬಿ ಇಟ್ಟರು. ಒಂದು ದೊಡ್ಡದು, ಕೆಂಪಗೆ ಹೊಳೆಯುವುದು. ಇನ್ನೊಂದು ಕರಿ ಡಬ್ಬಿ, ಸಣ್ಣದು, ಒಬ್ಬರು ಬಳಸಿ ಬಿಟ್ಟದ್ದು.

"ಭಾಬೀ, ಈ ಕೆಂಪದ್ದು ಬಾದಶಹಾ ಐತ್ರಿ," ಅಂದರು ಖಾಜಾ ಭಾಯಿ. "ರೇಸಿನ್ಯಾಗ ಗೆರಿ ಮ್ಯಾಲೆ ನಿಂತಾಗ ಎಂಜಿನ್ ತಾನೇ ಗುರ್ ಅಂತ ರೆಡಿ ಇರ್ತೈತಿ. ಸೈಲೆನ್ಸರಿನ್ಯಾಗಿಂದ ಬೆಂಕಿ ಬರ್ತೈತಿ."

"ನಮ್ಮ ಓಣ್ಯಾಗ ಗೆರಿ ಮ್ಯಾಲೆ ನಿಲ್ಲಾಕ ಎಮ್ಮಿ ಬಿಡ್ಬೇಕಲ್ರಿ ಭಾಯಿ," ಅಂದೆ. "ಕರಿದರಾಗ ಏನೈತಿ?"

"ಅದರಾಗ ಏನೂ ಇಲ್ರಿ. ಗಾಳಿ ನೋಡ್ತೈತಿ, ಪೆಟ್ರೋಲ್ ಬಿಡ್ತೈತಿ. ಅಷ್ಟ."

ನಮ್ಮವರು ಒಮ್ಮೆ ಕೆಂಪನ್ನು ಎತ್ತಿದರು, ಒಮ್ಮೆ ಕರಿಯನ್ನು ಎತ್ತಿದರು. ಚಹಾ ಆರಿ ಕೆನೆ ಕಟ್ಟಿತು. ಕೊನೆಗೆ ಖಾಜಾ ಭಾಯಿಗೇ ಸಾಕಾಗಿ, "ಎರಡೂ ಒಯ್ರಿ. ಗದ್ವಾಲದಾಗ ನರಸಿಂಹುಲು ಅಂತ ಟ್ಯೂನಿಂಗ್ ಮಾಡಾಂವ ಅದಾನ. ಒಂದ ಹಾಕಿಸ್ಕೊಳ್ರಿ, ಇನ್ನೊಂದ ಸಂಜಿಗೆ ವಾಪಸ್ ಕೊಡ್ರಿ. ಡಾಗ್ ಬೀಳಬಾರದು ನೋಡ್ರಿ," ಅಂದರು. ಡಾಗ್ ಅಂದರೆ ನಮ್ಮ ಕಡೆ ಕಲೆ.

ಮಕ್ತಲ್ ದಾಟುತ್ತಲೇ ಹೊಲದ ನಡುವೆ ಇವರ ಮನೆದೇವರು ಬೀರಪ್ಪನ ಗುಡಿ. ನನಗೆ ಗೊತ್ತೇ ಇತ್ತು, ಕಾರು ಅಲ್ಲಿ ನಿಂತೇ ನಿಲ್ಲುತ್ತದೆ ಎಂದು. ಇವರ ಮನೆತನದಲ್ಲಿ ಎತ್ತು ತರಲಿ, ಸೊಸೆ ತರಲಿ, ಬೀರಪ್ಪನಿಗೆ ಹೂ ಕೇಳದೆ ತರುವುದಿಲ್ಲ. ಒದ್ದೆ ಹೂವನ್ನು ದೇವರ ಮೈಗೆ ಅಂಟಿಸಿ ಪ್ರಶ್ನೆ ಕೇಳುವುದು. ಬಲಗಡೆಯ ಹೂ ಬಿದ್ದರೆ ಹೌದು, ಎಡಗಡೆಯದು ಬಿದ್ದರೆ ಬೇಡ. ನನ್ನನ್ನು ತಂದದ್ದೂ ಹಾಗೆಯೇ, ಆದ್ದರಿಂದ ನಾನು ಆ ಪದ್ಧತಿಯನ್ನು ಹೀಯಾಳಿಸುವಂತಿಲ್ಲ.

ಪೂಜಾರಿ ಮಾಳಪ್ಪ ಮುತ್ಯಾ ಹೂ ಅಂಟಿಸಿದರು. ದೇವರಿಗೆ ಮುಚ್ಚಿದ ವಸ್ತು ತೋರಿಸಬಾರದೆಂದು ನಮ್ಮವರು ಕೆಂಪು ಡಬ್ಬಿಯ ವೈರು ಸಿಕ್ಕಿಸುವ ಕಡೆಯ ಮುಚ್ಚಳ ಬಿಚ್ಚಿ ಮುಂದೆ ಇಟ್ಟರು. ಕೈಮುಗಿದು, "ಅಪ್ಪಾ, ಇದು ಚಲೋ ಐತೇನು?" ಎಂದು ಕೇಳಿದರು. ಬಲಗಡೆಯ ಹೂ ತಟ್ಟನೆ ಬಿತ್ತು. ಮುತ್ಯಾನ ಸಂತೋಷಕ್ಕೆ ಪಾರವೇ ಇಲ್ಲ. "ಏಳುಕೋಟಿಗೋ!" ಎಂದು ಕೂಗಿ, ಬೊಗಸೆ ತುಂಬ ಭಂಡಾರ ತೆಗೆದು ಡಬ್ಬಿಯ ಮೇಲೆ ಸುರಿದರು. ಭಂಡಾರ ಅಂದರೆ ದೇವರ ಅರಿಷಿಣ ಪುಡಿ. ಡಬ್ಬಿಯ ತೆರೆದ ಬಾಯೊಳಗೇ ಮುಕ್ಕಾಲು ಪಾಲು ಹೋಯಿತು.

"ಡಾಗ್ ಬೀಳಬಾರದು ಅಂದಿದ್ರಲ್ರೀ!" ಎಂದೆ ನಾನು. "ಅದು ಡಾಗ್ ಅಲ್ಲ, ಪ್ರಸಾದ," ಅಂದರು ಇವರು. ಸೀರೆಯ ಸೆರಗಿನಿಂದ ಒರೆಸಹೋದೆ, ಪುಡಿ ಇನ್ನೂ ಒಳಗೇ ಇಳಿಯಿತು.

ಜೂರಾಲ ಡ್ಯಾಮಿಗೆ ಬಂದಾಗ ಹತ್ತೂವರೆ. ಬಿಸಿಲು ಏರಿತ್ತು, ಗೇಟು ಎರಡೇ ತೆರೆದಿದ್ದವು. ದಂಡೆಯ ಅಂಗಡಿಯಲ್ಲಿ ಖಾರ ಹಚ್ಚಿ ಕರಿದ ಮೀನು ಕೊಂಡು, ನಮ್ಮ ರೊಟ್ಟಿಯ ಜೊತೆ ತಿಂದೆವು. ಮುಳ್ಳು ಬಿಡಿಸುತ್ತ ಇವರು, "ಮಾಳಮ್ಮಾ, ಈ ಗಾಡಿ ಹೋದ್ರ ನಾ ಟ್ರ್ಯಾಕ್ಟರ್ ರಿಪೇರಿ ಮಾಡ್ಕೋತ ಇರ್ತೀನಿ ಬಿಡು. ಏನಾಗಂಗಿಲ್ಲ," ಅಂದರು. ಏನಾಗಂಗಿಲ್ಲ ಅಂದ ದನಿಯಲ್ಲೇ ಎಲ್ಲ ಆಗಿಹೋಗಿತ್ತು. ನನ್ನ ಪಾಲಿನ ಮೀನು ಅವರ ಕಡೆ ಸರಿಸಿದೆ, ಆದರೆ ಆಡಿದ ಮಾತು ಹಿಂದೆ ತೆಗೆದುಕೊಳ್ಳುವ ಜಾತಿ ನನ್ನದಲ್ಲ.

ಗದ್ವಾಲದಲ್ಲಿ ನರಸಿಂಹುಲುವಿನ ಶೆಡ್ಡು ಹುಡುಕಲು ಅರ್ಧ ಗಂಟೆ ಹಿಡಿಯಿತು. ತೆಳ್ಳಗಿನ ಮನುಷ್ಯ, ಮೂಗಿನ ತುದಿಗೆ ಕನ್ನಡಕ. ಕೆಂಪು ಡಬ್ಬಿಯ ಒಳಗೆ ಟಾರ್ಚು ಬಿಟ್ಟು ನೋಡಿ, "ಅಯ್ಯೋ ರಾಮಾ, ಏಮಿಟಿದಿ, ಏನಿದು? ಅಣ್ಣಾ, ಇದರಾಗ ಕರೆಂಟ್ ಬಿಟ್ರ ವಗ್ಗರಣಿ ವಾಸನಿ ಬರ್ತೈತಿ," ಅಂದ. ಹಲ್ಲುಜ್ಜುವ ಬ್ರಷ್ಷು, ಸ್ಪಿರಿಟ್ಟು ಹಿಡಿದು ಒಂದು ತಾಸು ತಿಕ್ಕಿದ. ಆಮೇಲೆ ನೆಟ್ಟಗೆ ಹೇಳಿದ: "ಇದು ಭಾರಿ ಮಾಲು, ಸುಳ್ಳಲ್ಲ. ಆದ್ರ ನಿಮ್ಮ ಗಾಡಿ ವೈರೆಲ್ಲ ಕತ್ತರಿಸಿ ಹೊಸದಾಗಿ ಜೋಡಿಸ್ಬೇಕು, ನಾಕು ದಿನ ಬೇಕು. ಇದನ್ನ ಟ್ಯೂನ್ ಮಾಡಿದ್ದೂ ಇಲ್ಲ ನಾನು. ಕರಿದ್ದು ನಿಮ್ಮ ಹಳೇ ಪ್ಲಗ್ಗಿಗೇ ಕೂಡ್ತೈತಿ. ಅದರ ನಾಡಿ ನನಗ ಗೊತ್ತೈತಿ."

"ಬೀರಪ್ಪ ಕೆಂಪದಕ್ಕ ಹೂ ಕೊಟ್ಟಾನ," ಅಂದರು ನಮ್ಮವರು. ಸ್ಟೂಲಿನ ಮೇಲೆ ಕೂತುಬಿಟ್ಟರು. ದೇವರನ್ನು ಮೀರುವ ಮನುಷ್ಯ ಅಲ್ಲ, ನಾಲ್ಕು ದಿನವೂ ಅವರ ಬಳಿ ಇರಲಿಲ್ಲ. ನನಗೆ ಸಿಟ್ಟು ನೆತ್ತಿಗೇರಿತು.

"ರೀ, ನೀವು ಕೇಳಿದ್ದು ಏನು? ಚಲೋ ಐತೇನು ಅಂತ. ಚಲೋ ಐತಿ ಅಂದ ಅವ. ಇವರೂ ಅದನ್ನ ಅನ್ನಾಕತ್ಯಾರ. ನಮ್ಮ ಗಾಡಿಗೆ ಹಾಕ್ಲೇನು ಅಂತ ಕೇಳೀರೇನು? ನಾನು ದಿನಾ ಬ್ಲೌಸ್ ಹೊಲಿಯಾಕಿ. ಜರಿ ಬ್ಲೌಸ್ ಚಲೋನ ಇರ್ತೈತಿ, ಅಳತಿ ಕೂಡಬೇಕಲ್ಲ?"

ಇವರು ಎದ್ದು ಕೆಂಪು ಡಬ್ಬಿಗೆ ಕೈಮುಗಿದರು. ಆಮೇಲೆ ಕರಿ ಡಬ್ಬಿಯನ್ನು ಎತ್ತಿ ನರಸಿಂಹುಲುವಿನ ಕೈಗಿಟ್ಟರು. ನಾನು ಮನಸ್ಸಿನಲ್ಲೇ ಬೀರಪ್ಪನಿಗೆ ಕಾಯಿ ಹರಕೆ ಹೊತ್ತೆ, ತಪ್ಪಾಗಿದ್ದರೆ ಇರಲಿ ಎಂದು.

ಮಧ್ಯಾಹ್ನ ಮೂರಕ್ಕೆ ಟ್ಯೂನಿಂಗ್ ಶುರು, ಅಂದರೆ ಎಷ್ಟು ಗಾಳಿಗೆ ಎಷ್ಟು ಪೆಟ್ರೋಲ್ ಎಂದು ಕಂಪ್ಯೂಟರಿಗೆ ಕಲಿಸುವುದು. ನಮ್ಮವರು ಸ್ಟೇರಿಂಗಿನಲ್ಲಿ, ನರಸಿಂಹುಲು ಹಿಂದೆ ಲ್ಯಾಪ್‌ಟಾಪ್ ಹಿಡಿದು, ನಾನು ಮುಂದೆ. ಕಾರಿಗೆ ಹೊಸದಾಗಿ ಹಾಕಿದ, ಗಾಳಿ ಪೆಟ್ರೋಲಿನ ಲೆಕ್ಕ ತೋರಿಸುವ ಮೀಟರ್ ನನ್ನ ಉಡಿಯಲ್ಲಿ. ಅದರ ಅಂಕಿ ಕೂಗುವುದು ನನ್ನ ಕೆಲಸ. "ಅಮ್ಮಾ, ಹನ್ನೆರಡು ದಾಟಿದ್ರ ಪೆಟ್ರೋಲ್ ಕಡಿಮಿ ಅಂತ, ಜೋರಾಗಿ ಒದರ್ರಿ!" ಎಂದು ನರಸಿಂಹುಲು ಹೇಳಿದ್ದ. ಇವರು ಆಕ್ಸಿಲರೇಟರ್ ಒತ್ತಿದರು. "ಹದಿಮೂರೂ!" ಎಂದು ಒದರಿದೆ. ಅವನು ಲ್ಯಾಪ್‌ಟಾಪಿನಲ್ಲಿ ಟಪಟಪ ಒತ್ತಿದ. ಮತ್ತೆ ಒತ್ತು, ಮತ್ತೆ ಒದರು. ಎಂಟನೆಯ ಸಲ ಎಂಜಿನ್ ಬಿಕ್ಕಳಿಸಲಿಲ್ಲ. ಸುಂಯ್ ಎಂದು ಟರ್ಬೊ ಸದ್ದು ಎದ್ದಿತು, ಬೆನ್ನು ಸೀಟಿಗೆ ಅಂಟಿತು, ನನ್ನ ಬಾಯಿಂದ "ಹನ್ನೊಂದೂವರೀ ರೀ!" ಎಂದು ಬಂದದ್ದು ಹಾಡಿನಂತೆ ಇತ್ತಂತೆ. ಇನ್ನೊಮ್ಮೆ ಮಾಡಿರಿ ಎಂದವಳೂ ನಾನೇ. ನಾಚಿಕೆಯಿಲ್ಲದೆ ಬರೆಯುತ್ತಿದ್ದೇನೆ, ನನಗೆ ಬಹಳ ಖುಷಿಯಾಗಿತ್ತು.

ವಾಪಸು ಬರುವಾಗ ಮಕ್ತಲ್‌ನಲ್ಲಿ ಕೆಂಪು ಡಬ್ಬಿ ಒಪ್ಪಿಸಿದೆವು. ಖಾಜಾ ಭಾಯಿ ಮೂಸಿ ನೋಡಿ, "ಯಾ ಅಲ್ಲಾ, ಇದರಾಗ ಪಲಾವ್ ಮಾಡೀರೇನು?" ಅಂದರು. ನರಸಿಂಹುಲು ಫೋನಿನಲ್ಲಿ ಏನೂ ಆಗಿಲ್ಲ ಎಂದು ಭರವಸೆ ಕೊಟ್ಟ ಮೇಲೆ ಗೊಣಗುತ್ತ ಒಳಗಿಟ್ಟರು.

ಅಲ್ಲಿಂದ ಕಾರು ಹಾರಿತು ಅನ್ನಬೇಕು. ನಾರಾಯಣಪೇಟೆಗೆ ಎರಡು ಕಿಲೋಮೀಟರ್ ಇದೆ ಅನ್ನುವಾಗ ಸದ್ದಿಲ್ಲದೆ ನಿಂತಿತು. ಇವರು ಬಾನೆಟ್ ಎತ್ತಿ ಎಲ್ಲವನ್ನೂ ಮುಟ್ಟಿ ನೋಡಿದರು. ಎಲ್ಲ ಸರಿಯಿತ್ತು. ಪೆಟ್ರೋಲ್ ಇರಲಿಲ್ಲ. ಮಧ್ಯಾಹ್ನದಿಂದ ಇಬ್ಬರೂ ಹೊಸ ಮೀಟರೊಂದನ್ನೇ ನೋಡಿದ್ದೆವು, ಕಾರಿನ ಪೆಟ್ರೋಲ್ ಮುಳ್ಳನ್ನು ಯಾರೂ ನೋಡಿರಲಿಲ್ಲ.

ನಾನು ಕೇಳುವ ಮೊದಲೇ ಅವರೇ ಕೀಲಿ ತೆಗೆದು, ಅಂಗಿಗೆ ಒರೆಸಿ, ನನ್ನ ಕೈಗಿಟ್ಟರು. "ನಡುದಾರ್‍ಯಾಗ ನಿಂತೈತಿ. ಮಾತಂದ್ರ ಮಾತು," ಅಂದರು. ಆಟೋದವನೊಬ್ಬ ಬಾಟಲಿಯಲ್ಲಿ ಪೆಟ್ರೋಲ್ ತಂದುಕೊಟ್ಟ. ಕೀಲಿ ತಿರುಗಿಸಲು ಮಾತ್ರ ನನ್ನಿಂದ ಇಸಿದುಕೊಂಡು, ಮನೆ ಮುಟ್ಟಿದ ಕೂಡಲೇ ಮರಳಿ ಕೊಟ್ಟರು. ಆ ರಾತ್ರಿ ಊಟದಲ್ಲಿ ಅವರು ತಲೆ ಎತ್ತಲಿಲ್ಲ. ನಾನು ಕೀಲಿಯನ್ನು ಹೊಲಿಗೆ ಡಬ್ಬಿಯ ತಳದಲ್ಲಿಟ್ಟು ಮುಚ್ಚಿದೆ.

ಸೋಮವಾರ ಗುಜರಿಯವನು ಟೆಂಪೊ ತಂದು ಬಾಗಿಲಲ್ಲಿ ನಿಂತ. ನಮ್ಮವರು ಒಳಗೆ ನೀರಿನ ಕೋಣೆಯಲ್ಲಿ, ಮುಖ ತೊಳೆಯುವ ನೆಪದಲ್ಲಿ. ತೊಳೆದದ್ದೇ ತೊಳೆದರು.

"ಅಕ್ಕಾರ, ಕೀಲಿ ಕೊಡ್ತೀರೇನ್ರಿ? ಗಾಡಿ ನಡೀತೈತೋ, ಎಳಕೊಂಡು ಹೋಗ್ಲೋ?"

"ನಡೀತೈತಿ."

"ಹಂಗಾದ್ರ ಚಲೋ ಆತು."

"ಏನು ಚಲೋ? ನಡಿಯೋ ಗಾಡೀನ ಗುಜರಿಗೆ ಯಾರ ಕೊಡ್ತಾರೋ ಮಾರಾಯಾ? ಬುದ್ಧಿ ಐತೋ ಇಲ್ಲೋ ನಿನಗ?" ಎಂದು, ನಾನೇ ಕರೆಸಿದವನನ್ನು ಕಳ್ಳನಂತೆ ಬೈದು ಕಳಿಸಿದೆ. ಟೆಂಪೊ ಓಣಿ ತಿರುಗುವ ತನಕ ಅಲ್ಲೇ ನಿಂತಿದ್ದೆ.

ಒಳಗೆ ನೀರಿನ ಸದ್ದು ನಿಂತಿತ್ತು. ಹೋಗಿ ಕೀಲಿಯನ್ನು ಅವರ ಒದ್ದೆ ಕೈಗಿಟ್ಟೆ.

"ಸುಮ್ನ ನಿಲ್ಲಬ್ಯಾಡ್ರಿ. ಹೋಗಿ ಮೊದ್ಲು ಟ್ಯಾಂಕ್ ತುಂಬಿಸ್ಕೊಂಡು ಬರ್ರಿ. ಮೀಟರ್ ನೋಡಾಕ ನಾನೂ ಬರ್ತೀನಿ."