ಕರೆಂಟು ಹೋದರೂ ಗ್ರೇಸಿ ನಿಲ್ಲಲಿಲ್ಲ

ನಿನ್ನೆ ಮೊಮ್ಮಗಳ ಮೊಬೈಲಿನಲ್ಲಿ ಒಬ್ಬ ಹುಡುಗಿ ಸಂಗೀತಕ್ಕೆ ತಕ್ಕಂತೆ ಮಂಜುಗಡ್ಡೆಯ ಮೇಲೆ ಜಾರುತ್ತಾ ಕುಣಿಯುತ್ತಿದ್ದಳು. ನನಗೆ ಮಣ್ಣಗುಡ್ಡದ ಗ್ರೇಸಿ ನೆನಪಾದಳು.

ನಾವು ಶಾಲೆಗೆ ಹೋಗುತ್ತಿದ್ದಾಗ ನೆರೆಮನೆಯ ಗ್ರೇಸಿಗೆ ಅವಳ ಅಪ್ಪ ಗಲ್ಫಿನಿಂದ ಚಕ್ರದ ಸ್ಕೇಟ್ಸ್ ತಂದಿದ್ದರು. ಅವರ ಸಿಮೆಂಟಿನ ಅಂಗಳದಲ್ಲಿ, ಟೇಪ್ ರೆಕಾರ್ಡರಿನಲ್ಲಿ ಹಾಡು, ನಮ್ಮ ಮಾತಿನಲ್ಲಿ ಪದ್ಯ, ಹಾಕಿಕೊಂಡು, ನಾವಿಬ್ಬರೂ ಸರದಿಯಲ್ಲಿ ಕಲಿತೆವು. ನನಗೆ ವೇಗವೊಂದೇ ಗೊತ್ತು. ಅವಳಮ್ಮ ಸ್ಟೆಲ್ಲಾಬಾಯಿ ಮೀನು ಕೊಯ್ಯುತ್ತಲೇ, "ಪದ್ಯ ಕೇಳು ಮಾರಾಯ್ತಿ, ನಿಂಗೆ ಬಸ್ಸು ಹಿಡೀಲಿಕ್ಕೆ ಉಂಟಾ?" ಎನ್ನುತ್ತಿದ್ದರು. ಗ್ರೇಸಿಯ ಬೆರಳ ತುದಿಗೂ ಪದ್ಯ ಕೇಳುತ್ತಿತ್ತು.

ಶಾಲೆಯ ವಾರ್ಷಿಕೋತ್ಸವಕ್ಕೆ ಅವಳನ್ನೇ ಆರಿಸಿದರು. ನನಗೆ ಹೊಟ್ಟೆಕಿಚ್ಚು. ಅವಳು ಸ್ಕೇಟ್ಸ್ ಮೇಲೆ ಕುಣಿಯುತ್ತಿರುವಾಗಲೇ ಕರೆಂಟು ಹೋಗಿ ಪದ್ಯ ನಿಂತಿತು, ಹಗಲಿನ ಬೆಳಕು ಮಾತ್ರ ಉಳಿಯಿತು. ಗ್ರೇಸಿ ನಿಲ್ಲಲಿಲ್ಲ. ಕೈ ಚಾಚಿ, ಅದೇ ತಾಳದಲ್ಲಿ ತೇಲುತ್ತಲೇ ಇದ್ದಳು. ಸಭೆಯಲ್ಲಿ ಸದ್ದೇ ಇರಲಿಲ್ಲ.

"ಪದ್ಯವೇ ಇಲ್ಲ, ಇವಳಿಗೆ ಎಂತ ಮರ್ಲಾ?" ಎಂದು, ಹುಚ್ಚಿಯನ್ನು ಕಂಡವಳ ಹಾಗೆ, ನಾನು ಕೂಗಿದೆ. ಎಲ್ಲರೂ ನಕ್ಕರು. ಗ್ರೇಸಿ ತಡವರಿಸಿ ಬಿದ್ದಳು.

ಮರುದಿನ ಅವಳು ಸ್ಕೇಟ್ಸ್ ತಂದು ನನ್ನ ಕೈಗಿಟ್ಟಳು. "ನೀನೇ ಇಟ್ಕೊ. ನಂಗೆ ಪದ್ಯ ಕೇಳ್ತಾ ಇತ್ತು, ಅಷ್ಟೇ" ಎಂದಳು.

ನಾನು ನಾಚಿಕೆಯಿಲ್ಲದೆ ತೆಗೆದುಕೊಂಡೆ. ಆ ಮೌನದಲ್ಲಿ ಅವಳನ್ನು ನೋಡುತ್ತಾ ನನಗೂ ಪದ್ಯ ಕೇಳಿಸಿತ್ತು. ಅದನ್ನು ಅವಳಿಗೆ ಇವತ್ತಿನವರೆಗೂ ಹೇಳಿಲ್ಲ.